ನೀಲಪ್ಪನ ಡೊಗ್ಗು ಸಲಾಮು

ನೀಲಪ್ಪನ ನಡು ಹಿಡಿದದ್ದು ಒಂದು ಶಬ್ದದ ಅರ್ಥ ಹೇಳಲು ಹೋಗಿ.

ಎಪ್ಪತ್ನಾಲ್ಕರ ಹತ್ತಿ ಸುಗ್ಗಿ. ಬೈಲಹೊಂಗಲದ ಒಂದು ಜಿನ್ನಿಂಗ್ ಫ್ಯಾಕ್ಟರಿಯನ್ನು ಹೊಸದಾಗಿ ಕೊಂಡಿದ್ದ ರಾಮದುರ್ಗದ ಬಸವಣ್ಣೆಪ್ಪ ಧಣಿಗಳು ಅಂದು ಮೊದಲ ಸಲ ಬರುವವರಿದ್ದರು. ಇದ್ದ ಇಬ್ಬರು ಗುಮಾಸ್ತರಲ್ಲಿ ಒಬ್ಬನನ್ನು ಇಡೀ ಕಾರಭಾರ ನೋಡುವ ದಿವಾಣಜಿ ಮಾಡುತ್ತಾರೆಂದು ಸುದ್ದಿ. ಒಬ್ಬ ಶಂಕ್ರೆಪ್ಪ, ಮಾಲಕನ ಎತ್ತು ಎದುರಾದರೂ ಕೈಮುಗಿಯುವವ. ಇನ್ನೊಬ್ಬ ನೀಲಪ್ಪ; ಹಿಂದಿನ ಮಾಲಕನ ಮುಂದೆ ಒಮ್ಮೆಯೂ ತಲೆ ಬಾಗಿಸದೆ, ಅದೇ ಕಾರಣಕ್ಕೆ ಗುಮಾಸ್ತನಾಗಿಯೇ ಉಳಿದವ.

ಮುಂಜಾನೆಯಿಂದ ಶಂಕ್ರೆಪ್ಪ ಖಾಲಿ ಕುರ್ಚಿಯ ಮುಂದೆ ನಮಸ್ಕಾರದ ತಾಲೀಮು ನಡೆಸಿದ್ದ. ನೋಡಿ ನೋಡಿ ನೀಲಪ್ಪನ ಪಿತ್ತ ನೆತ್ತಿಗೇರಿತು.

"ಇದಕ್ಕ ಡೊಗ್ಗು ಸಲಾಮು ಅಂತಾರ. ಆ ಶಬ್ದ ಹೆಂಗ ಹುಟ್ಟೇತಿ ಗೊತ್ತೈತೇನ? ಡೊಗ್ಗೂದಂದ್ರ ಬಾಗೂದು, ಅದು ನಮ್ಮ ಮಾತು; ಸಲಾಮು ದರ್ಬಾರದ್ದು. ಎರಡೂ ಕೂಡಿದ್ವು, ಮನಶ್ಯಾನ ಬೆನ್ನೆಲಬ ಹೋತು!"

"ಡೊಗ್ಗೂದಂದ್ರ ಎಷ್ಟ ಡೊಗ್ಗೂದಪಾ?" ಶಂಕ್ರೆಪ್ಪ ಕಲಿಯುವ ಆಸೆಯಿಂದಲೇ ಕೇಳಿದ.

"ಇಷ್ಟು!" ಎಂದು ನೀಲಪ್ಪ ಮೂಗು ಮೊಣಕಾಲಿಗೆ ತಾಗುವಂತೆ ಬಾಗಿ ತೋರಿಸಿದ. ಲಟಕ್ ಎಂದಿತು. ಮತ್ತೆ ಏಳಲಾಗಲಿಲ್ಲ.

ಚಹಾ ತಂದ ತಂಗೆವ್ವ ಗಾಬರಿಯಾದಳು. "ಚಾದಾಕಿ ಕಾಲಿಗೆ ಬೀಳತೀಯಲ್ಲೋ ಯಪ್ಪಾ! ನೂರು ವರ್ಷ ಬಾಳು," ಎಂದು ಬೆನ್ನ ಮೇಲೆ ಕೈಯಿಟ್ಟು ಹರಸಿದಳು.

"ನಡಾ ಹಿಡದೇತಿ ಬೇ!" ನೀಲಪ್ಪ ನೆಲಕ್ಕೆ ಮುಖ ಮಾಡಿಯೇ ಚೀರಿದ.

ಚೀರಾಟ ಕೇಳಿ ಹಮಾಲ ದುರ್ಗಪ್ಪ ಓಡಿ ಬಂದ. ಗರಡಿಯ ಪೈಲವಾನ. "ಬೆನ್ನಿಗಿ ಮೊಣಕಾಲ ಕೊಟ್ಟು ಒಮ್ಮೆ ಜಗ್ಗಿದ್ನೆಂದ್ರ ಕಂಬ ಆಗತೀರಿ ನೋಡ್ರಿ."

"ಮೊದಲ ಬ್ಯಾರೇದವರ ಮ್ಯಾಲೆ ಮಾಡಿ ತೋರಸೋ ಮಾರಾಯಾ," ಎಂದ ನೀಲಪ್ಪ.

"ಪೈಲವಾನ್ರ ಕೈಗುಣಾ ಅಂದ್ರ ಸಾಮಾನ್ಯೇನು! ನನ್ನ ಜಗ್ಗರಿ," ಎಂದು ಶಂಕ್ರೆಪ್ಪ ಹಲ್ಲು ಗಿಂಜುತ್ತ ಬೆನ್ನು ಒಡ್ಡಿದ. ಯಾರನ್ನಾದರೂ ಹೊಗಳದಿದ್ದರೆ ಅವನಿಗೆ ಅನ್ನ ಕರಗುತ್ತಿರಲಿಲ್ಲ.

ದುರ್ಗಪ್ಪ ಜಗ್ಗಿದ. ಮತ್ತೊಂದು ಲಟಕ್. ಶಂಕ್ರೆಪ್ಪ ಎದೆ ಸೆಟೆಸಿ, ಗದ್ದ ಮೇಲೆತ್ತಿ ಜೋಳದ ದಂಟಿನಂತೆ ನಿಂತುಬಿಟ್ಟ. ಮುಗಿಯಲು ಕೈಯೂ ಏಳಲೊಲ್ಲದು. ದುರ್ಗಪ್ಪ ತನ್ನ ಅಂಗೈಗಳನ್ನು ಒಮ್ಮೆ ನೋಡಿಕೊಂಡು ಹತ್ತಿ ಅಂಡಿಗೆಗಳ ಹಿಂದೆ ಮಾಯವಾದ.

ಅಂಗಳದಲ್ಲಿ ಜೀಪು ನಿಂತಿತು. ಒಳಗೆ ಬಂದ ಧಣಿಗಳಲ್ಲಿ ನೀಲಪ್ಪನಿಗೆ ಕಂಡದ್ದು ಅವರು ಕಾಲಲ್ಲಿ ಮೆಟ್ಟಿದ ಕಾಲ್ಮರಿ ಮಾತ್ರ. ಅವು ಅವನ ಮೂಗಿನೆದುರು ಬಂದು ನಿಂತವು.

"ಯಾರಿಂವ?"

"ನೀಲಪ್ಪರೀ ಧಣ್ಯಾರ," ಎಂದಳು ತಂಗೆವ್ವ.

ಧಣಿಗಳು ನಿಟ್ಟುಸಿರು ಬಿಟ್ಟರು. "ಯಾರಿಗೂ ತಲೀ ಬಾಗಸದಂವ ಅಂತ ರಾಮದುರ್ಗದ ತನಕಾ ನಿನ್ನ ಹೆಸರ ಬಂದಿತ್ತಲ್ಲೋ! ಡೊಗ್ಗು ಸಲಾಮು ಹೊಡಿಯೋರನ್ನ ನಂಬಿ ಮೊದಲಿನ ಮಾಲಕ ಮುಳುಗಿದ. ಅದಕ್ಕ ನಿನ್ನ ದಿವಾಣಜಿ ಮಾಡಬೇಕಂತ ಬಂದಿದ್ದೆ."

"ನಡಾ ಹಿಡದೇತ್ರೀ ಧಣ್ಯಾರ!"

"ಡೊಗ್ಗಾವ್ರೆಲ್ಲಾ ಏನರೆ ಒಂದ ನೆವಾ ಹೇಳತಾರ."

ಆಗ ಅವರ ಕಣ್ಣು ಶಂಕ್ರೆಪ್ಪನ ಮೇಲೆ ಬಿತ್ತು. ಅವನು ಬಾಗಲು ಜೀವವನ್ನೇ ಪಣಕ್ಕಿಟ್ಟಿದ್ದ. ಹಣೆಯಲ್ಲಿ ಬೆವರು, ಕಣ್ಣಲ್ಲಿ ನೀರು. ಬೆನ್ನು ಮಾತ್ರ ಕೂದಲೆಳೆಯಷ್ಟೂ ಬಗ್ಗಲಿಲ್ಲ.

"ಭಲೇ! ಧಣಿ ಎದುರಿಗೆ ಬಂದರೂ ಗದ್ದ ಇಳಸವಲ್ಲ. ನೀನ ಇನ್ನ ದಿವಾಣಜಿ," ಎಂದು ಧಣಿಗಳು ಅವನ ಬೆನ್ನು ಚಪ್ಪರಿಸಿದರು. "ಮೊದಲನೇ ಕೆಲಸಾ ಕೇಳಿಲ್ಲೆ. ದಿನಾ ಮುಂಜಾನೆ ಈ ನೀಲಪ್ಪಗ ನೆಟ್ಟಗ ನಿಂದ್ರೂದ ಕಲಸು."

"ಅಪ್ಪಣೀರಿ, ನನ್ನೊಡೆಯಾ," ಎಂದು ಶಂಕ್ರೆಪ್ಪ ಮಾಡಿನ ತೊಲೆಗೆ ಹೇಳಿದ.