ಪುರಾಣದ ಗಂಗಹನುಮಯ್ಯ

ಐವತ್ತೆಂಟನೇ ಇಸವಿಯ ಒಂದು ಮಧ್ಯಾಹ್ನ, ಎರಡನೇ ಕ್ಲಾಸಿನ ರಂಗಮ್ಮ ಮೇಷ್ಟರ ಏಟಿಗೆ ಅಂಗೈ ಬಾತುಕೊಂಡು ಊಟಕ್ಕೆ ಬಂದದ್ದೇ ಎಲ್ಲಕ್ಕೂ ಮೂಲ. ಒಂದು ಸಾಲೂ ಓದಲಾರದೆ ಅವಳು ಮೂರನೇ ವರ್ಷವೂ ಅದೇ ಕ್ಲಾಸಿನಲ್ಲಿದ್ದಳು.

"ಅಕ್ಷರ ನಿಂತ್ಕಳಲ್ಲ ಕಣಪ್ಪ, ಇರುವೆ ಥರ ಹರಿದಾಡ್ತವೆ."

ಅಪ್ಪ ಗಂಗಹನುಮಯ್ಯ ಎತ್ತಿದ ತುತ್ತನ್ನು ತಟ್ಟೆಗೇ ಬಿಟ್ಟ. ಅವನ ಕಣ್ಣಿಗೂ ಅಕ್ಷರಗಳು ಎಂದೂ ನಿಂತಿರಲಿಲ್ಲ. ನಾಲ್ಕು ವರ್ಷ ಏಟು ತಿಂದು ಶಾಲೆ ಬಿಟ್ಟಿದ್ದ. ತಮಾಷೆಯೆಂದರೆ, ಗುಬ್ಬಿಯ ಆ ಬೀದಿಗೆಲ್ಲ ಶನಿವಾರದ ಪುರಾಣ ಓದುವವನೂ ಅವನೇ! ತೀರಿಕೊಂಡ ಅಪ್ಪನ ಬಾಯಿಂದ ಕೇಳಿ ಕಲಿತದ್ದನ್ನು, ಪುಸ್ತಕ ತೆರೆದಿಟ್ಟುಕೊಂಡು, ಆಗಾಗ ಹಾಳೆ ತಿರುವುತ್ತ ಹೇಳಿಬಿಡುತ್ತಿದ್ದ. ಗುಟ್ಟು ಹೆಂಡತಿಗೂ ಗೊತ್ತಿರಲಿಲ್ಲ.

ಆದರೆ ಆ ಪುಟ್ಟ ಅಂಗೈ ನೋಡಿದ ಮೇಲೆ ಅವನಿಗೆ ತಡೆಯಲಾಗಲಿಲ್ಲ. ಪುರಾಣದ ಪುಸ್ತಕ ಕಂಕುಳಿಗೆ ಸಿಕ್ಕಿಸಿ, ಮಗಳ ಕೈಹಿಡಿದು ಶಾಲೆಗೆ ನಡೆದ. ಪಕ್ಕದ ಮನೆ ಗಿರಿಯಮ್ಮ ಯಾರೂ ಕರೆಯದಿದ್ದರೂ ಹಿಂದೆಯೇ ಬಂದಳು.

"ಹೊಡೀಬ್ಯಾಡಿ ಮೇಷ್ಟ್ರೇ. ಇವಳು ಸೋಮಾರಿ ಅಲ್ಲ. ನಂಗೂ ಹಿಂಗೇಯ. ನಂಗೆ ಓದಕ್ಕೇ ಬರಲ್ಲ."

ಸದಾಶಿವಯ್ಯ ಮೇಷ್ಟರು ಗಹಗಹಿಸಿ ನಕ್ಕರು. "ಮಗಳಿಗೋಸ್ಕರ ಇಂಥಾ ಸುಳ್ಳು ಹೇಳೋದೇನ್ರೀ? ಶನಿವಾರ ಶನಿವಾರ ಎದುರಿಗೇ ಕೂತು ಕೇಳೋನು ನಾನು!"

"ಎಲ್ಲಾ ಬಾಯಿಪಾಠ ಸ್ವಾಮಿ!"

"ನಮ್ ಗಂಗಣ್ಣಂಗೆ ಜಂಬ ಅನ್ನೋದೇ ಇಲ್ಲ ಕಣ್ರೀ," ಎಂದು ಗಿರಿಯಮ್ಮ ಕಣ್ಣೊರೆಸಿಕೊಂಡಳು.

ಗಂಗಹನುಮಯ್ಯನಿಗೆ ರೇಗಿಹೋಯಿತು. ಮೂವತ್ತು ವರ್ಷ ಮುಚ್ಚಿಟ್ಟ ಗುಟ್ಟನ್ನು ತಾನಾಗಿ ಬಿಚ್ಚಿದರೂ ನಂಬುವವರೇ ಇಲ್ಲ! ಅಪ್ಪ ನವಿಲುಗರಿ ಇಟ್ಟಿದ್ದ ಅಧ್ಯಾಯ ತೆರೆದು, "ನೋಡ್ಕಳಿ, ಓದೋದಾದ್ರೆ ಹಿಂಗೆ ಆಗ್ತದಾ?" ಎಂದು ಪುಸ್ತಕವನ್ನು ತಲೆಕೆಳಗೆ ಹಿಡಿದು ಗಡಗಡ ಹೇಳಿದ.

ಮೇಷ್ಟರು ಕತ್ತು ತಿರುಚಿಕೊಂಡು ಸಾಲು ಸಾಲೂ ತಾಳೆ ನೋಡಿದರು. ಒಂದಕ್ಷರ ತಪ್ಪಿರಲಿಲ್ಲ. ಅವರು ಎದ್ದು ಕೈಮುಗಿದರು.

"ತಲೆಕೆಳಗೆ ಹಿಡಿದ್ರೂ ಓದೋ ಪಂಡಿತರಲ್ರೀ ನೀವು! ಇನ್ನು ನಾನು ಹೊಡೆಯಲ್ಲ. ಇವತ್ತಿಂದ ದಿನಾ ಸಾಯಂಕಾಲ ನೀವೇ ಓದಿಸಿ. ಇಂಥಾ ಅಪ್ಪನ ಕೈಲೂ ಕಲೀದಿದ್ರೆ ಅದು ಬರೀ ಸೋಮಾರಿತನ. ಪರೀಕ್ಷೆ ಹೊತ್ತಿಗೆ ಬರದಿದ್ರೆ ಹೆಸರು ಹೊಡೆದುಹಾಕ್ತೀನಿ."

ಸಾಯಂಕಾಲ ಅಪ್ಪ, ಮಗಳು ಜಗಲಿಯ ಮೇಲೆ ಪಾಠದ ಪುಸ್ತಕ ಬಿಡಿಸಿ ಕೂತರು. ಗಿರಿಯಮ್ಮ ಪಾಠ ಕೇಳಲು ತನ್ನ ಬಾಗಿಲಲ್ಲಿ ಕೂತಿದ್ದಳು. ಮೊದಲ ಸಾಲನ್ನೇ ಇಬ್ಬರೂ ಬಹಳ ಹೊತ್ತು ನೋಡಿದರು.

"ನಾನು ನಿನ್ನ ನಂಬ್ತೀನಪ್ಪ," ರಂಗಮ್ಮ ಪಿಸುಗುಟ್ಟಿದಳು.

ಗಂಗಹನುಮಯ್ಯನ ಕಣ್ಣು ತುಂಬಿತು. ಮೂವತ್ತು ವರ್ಷದಲ್ಲಿ ಅವನಿಗೆ ಜೊತೆ ಸಿಕ್ಕಿದ್ದು ಇದೇ ಮೊದಲು.

"ನೀನು ಹೆದರ್ಕಬ್ಯಾಡ," ಅವಳು ಅವನ ಕೈ ಸವರಿದಳು. "ಕ್ಲಾಸಲ್ಲಿ ಬೇರೆಯೋರು ಓದುವಾಗ ಕೇಳಿಸ್ಕಂಡು ಬಾಯಿಪಾಠ ಮಾಡ್ಕಂತೀನಿ. ಆಮೇಲೆ ನಿನ್ನಂಗೇ ಪುಸ್ತಕ ಹಿಡ್ಕಂಡು ಹೇಳ್ತೀನಿ. ಸಾಯೋಗಂಟ ಯಾರ್ಗೂ ಗೊತ್ತಾಗಲ್ಲ."