ಯಾರಿಗೂ ಹೇಳಬಾರದ ಆರಂಕಿ

ನಮ್ಮ ಕಾಲೇಜಿನ ಕಂಪ್ಯೂಟರ್ ಲ್ಯಾಬಿನ ಉಸ್ತುವಾರಿ ನನ್ನದು. ಮಕ್ಕಳ ಈಮೇಲ್‌ಗೆ ಎರಡನೇ ಬೀಗ ಹಾಕಿದಾಗಿನಿಂದ ಲ್ಯಾಬಿನಲ್ಲಿ ಎಡವಟ್ಟಾಗದ ದಿನವೇ ಇಲ್ಲ. ಅಸಲಿಗೆ ಆಗಿದ್ದಿಷ್ಟು. ಒಬ್ಬ ವಿದ್ಯಾರ್ಥಿಯ ಪಾಸ್‌ವರ್ಡನ್ನು ಯಾರೋ ಕದ್ದು, ಅವನ ಮೇಲ್‌ನಿಂದ ಇಡೀ ಕಾಲೇಜಿಗೆ 'ನಾಳೆ ರಜೆ' ಅಂತ ಕಳಿಸಿದರು. ಮರುದಿನ ಮಕ್ಕಳೂ ಬರಲಿಲ್ಲ, ಇಬ್ಬರು ಮೇಷ್ಟ್ರೂ ಬರಲಿಲ್ಲ. ಪ್ರಿನ್ಸಿಪಾಲರು ಕೆಂಡವಾದರು. ಇನ್ನು ಮೇಲೆ ಪಾಸ್‌ವರ್ಡ್ ಜೊತೆಗೆ ಮೊಬೈಲಿಗೆ ಬರುವ ಆರಂಕಿಯ ಓಟಿಪಿಯನ್ನೂ ಹಾಕಿದರೆ ಮಾತ್ರ ಮೇಲ್ ತೆರೆಯಬೇಕು ಅಂದರು.

ಇಬ್ರು ಅವ್ರೆ!

ಶಿವಪುರದ ಕಡೆಯ ಹುಡುಗಿಯೊಬ್ಬಳು ಕೊಟ್ಟಿದ್ದು ಅವಳ ತಾಯಿಯ ನಂಬರ್. ಗೆಳತಿಯ ಫೋನಿನಿಂದ ಮನೆಗೆ ಮಾಡಿದಳು.

"ಅವ್ವಾ, ಈಗೊಂದು ನಂಬರ್ ಬಂದದೆ, ಏಳು."

"ಏಳಕಿಲ್ಲ ಬುಡು. ಓಟಿಪಿ ಯಾರ್ಗೂ ಏಳ್ಬ್ಯಾಡಿ ಅಂತ ಬ್ಯಾಂಕ್ನೋರು ಏಳವ್ರೆ."

"ನಾನು ನಿನ್ ಮಗಳು ಕಣವ್ವ!"

"ಮೋಸ ಮಾಡೋರೂ ಅಂಗೇ ಅಂತಾರಂತೆ."

ಫೋನ್ ನಾನೇ ಇಸಕೊಂಡೆ. "ಅಮ್ಮಾ, ನಾನು ಕಾಲೇಜಿನ ಮೇಡಂ."

"ಅಯ್ಯೋ, ಇಬ್ರು ಅವ್ರೆ!" ಅಂತ ಇಟ್ಟೇಬಿಟ್ಟರು.

ಒಂದು ಗಂಟೆಯಾದ ಮೇಲೆ ಆಕೆಯೇ ಬಸ್ಸು ಹತ್ತಿ ಬಂದರು. ಫೋನು ಸೆರಗಿನ ಗಂಟಿನಲ್ಲಿತ್ತು. ಹೊಸ ಓಟಿಪಿ ಕಳಿಸಿದೆ. ಮಗಳ ಮುಖ ನೋಡಿದರು, ನನ್ನ ಮುಖ ನೋಡಿದರು. "ಮಗ್ಳಿಗೆ ಏಳ್ತೀನಿ. ನೀವು ವಸಿ ಆಚ್ಗೋಗಿ ಮೇಡಮ್ಮೋರೆ" ಅಂದರು.

ನನ್ನ ಲ್ಯಾಬಿನಿಂದ ನಾನೇ ಆಚೆ ಹೋಗಿ ನಿಂತೆ.

ನಾನಲ್ಲ

ಒಬ್ಬ ಹುಡುಗನಿಗೆ ಓಟಿಪಿ ಬದಲು ಮೊಬೈಲ್ ಆ್ಯಪ್ ಹಾಕಿಕೊಟ್ಟೆ. ಅವನ ಪರವಾಗಿ ಕಂಪ್ಯೂಟರಿನ ಮುಂದೆ ಕೂತು ನಾನೇ ಲಾಗಿನ್ ಮಾಡಿದೆ. 'ಲಾಗಿನ್ ಆಗುತ್ತಿರುವುದು ನೀವೇನಾ?' ಅಂತ ಅವನ ಫೋನು ಕೇಳಿತು. ಅವನು 'ಅಲ್ಲ' ಅಂತ ಒತ್ತಿದ. ಖಾತೆ ಲಾಕ್ ಆಯ್ತು. ಬಿಡಿಸಿ ಮತ್ತೆ ಲಾಗಿನ್ ಮಾಡಿದೆ, ಮತ್ತೆ 'ಅಲ್ಲ' ಒತ್ತಿದ.

"ಯಾಕಪ್ಪಾ ಹಿಂಗ್ ಮಾಡ್ತೀಯ?"

"ಟೈಪ್ ಮಾಡ್ತಿರೋದು ನೀವು ಮೇಡಂ. ಸುಳ್ಳೇಳಕಾಯ್ತದಾ?"

ಇಂಪಾರ್ಟೆಂಟ್

ಫೋನು ಕಳೆದುಹೋದರೆ ಇರಲಿ ಅಂತ ಪ್ರತಿಯೊಬ್ಬರಿಗೂ ಹತ್ತು ತುರ್ತು ಕೋಡ್‌ಗಳ ಹಾಳೆ ಕೊಟ್ಟೆ. ಕೊನೇ ವರ್ಷದವನೊಬ್ಬ ತನ್ನದನ್ನು ಜೆರಾಕ್ಸ್ ಅಂಗಡಿಗೆ ಒಯ್ದ.

"ಏನ್ಲಾ ಇದು?" ಅಂದರಂತೆ ಅಂಗಡಿಯವರು.

"ಭಾಳ ಇಂಪಾರ್ಟೆಂಟ್ ಕಣಣ್ಣ, ಯಾರ್ಗೂ ತೋರಿಸ್ಬ್ಯಾಡಿ."

ಪರೀಕ್ಷೆಗೆ ಒಂದೇ ವಾರವಿತ್ತು. ಸಂಜೆಯೊಳಗೆ ಜೂನಿಯರ್‌ಗಳ ಕೈಯಲ್ಲೆಲ್ಲ ಅದೇ ಹಾಳೆ! ಹಳೇ ಕೋಡ್ ರದ್ದು ಮಾಡಿ ಅವನಿಗೆ ಹೊಸದು ಕೊಟ್ಟು ಉಸಿರು ಬಿಡುವಷ್ಟರಲ್ಲಿ ಮೊದಲ ವರ್ಷದ ಹುಡುಗಿಯೊಬ್ಬಳು ಮೆಲ್ಲಗೆ ಬಂದಳು.

"ಮೇಡಂ, ಹತ್ತೂ ಬಾಯಿಪಾಠ ಮಾಡಿದ್ದೀನಿ. ಇದ್ರಲ್ಲಿ ಯಾವ್ದು ಬತ್ತದೆ?"

ಪಾಪ, ಯಾರೋ ಯಮ್ಮ

ಮಳವಳ್ಳಿ ಕಡೆಯ ಹುಡುಗಿಗೆ ಮಂಡ್ಯದ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿತ್ತು. ಅಂದು ಸಂಜೆಯೊಳಗೆ ಮೇಲ್‌ನಲ್ಲಿ ಒಪ್ಪಿಗೆ ಕಳಿಸಬೇಕು. ಅವಳು ಕೊಟ್ಟಿದ್ದ ನಂಬರಿನ ಫೋನು ಊರಲ್ಲಿ ತಾತನ ಹತ್ತಿರ. ತಾತನಿಗೆ ಮೆಸೇಜ್ ತೆಗೆದು ನೋಡಲು ಬರದು. ಅದಕ್ಕೇ ಕಂಪ್ಯೂಟರೇ ಹೆಣ್ಣುದನಿಯಲ್ಲಿ ಕರೆ ಮಾಡಿ ಅಂಕಿ ಹೇಳುವ ವ್ಯವಸ್ಥೆ ಒತ್ತಿದೆ. ಎರಡು ನಿಮಿಷ ಬಿಟ್ಟು ತಾತನಿಗೆ ಫೋನ್ ಮಾಡಿದೆವು.

"ತಾತಾ, ಒಬ್ಬಮ್ಮ ಫೋನ್ ಮಾಡಿದ್ಲಾ?"

"ಊಂ ಕಣವ್ವ. ಇಂಗ್ಲೀಷ್ನಲ್ಲಿ ಏನೋ ನಂಬರ್ ಅಂದ್ಲು. ರಾಂಗ್ ನಂಬರ್ ಅಂತ ಇಟ್ಬುಟ್ಟೆ."

ಮತ್ತೆ ಕಳಿಸಿದೆ. ಈ ಸಲ ತಾತ "ಯಾವೂರಮ್ಮ? ಊಟ ಆಯ್ತಾ?" ಅಂತ ವಿಚಾರಿಸುವಷ್ಟರಲ್ಲಿ ಅಂಕಿ ಮುಗಿದಿತ್ತು. ಹುಡುಗಿಯ ಕಣ್ಣಲ್ಲಿ ನೀರು. "ತಾತಾ, ನೀನು ಮಾತಾಡ್ಬ್ಯಾಡ. ಅವಳು ಏಳಿದ್ನ ಬರ್ಕೊ, ಸಾಕು" ಅಂದಳು.

ಮೂರನೇ ಸಲ ಕಳಿಸಿ ಫೋನ್ ಮಾಡಿದರೆ ಎಂಗೇಜ್. ಮತ್ತೆ ಮಾಡಿದರೂ ಎಂಗೇಜ್. ಅಂಕಿಯ ಅವಧಿ ಮುಗಿಯುತ್ತಾ ಬಂತು. ಕೊನೆಗೆ ತಾತ ಸಿಕ್ಕರು. ಬಾಗಿಲ ಮೇಲೆ ಸುಣ್ಣದಲ್ಲಿ ಬರೆದುಕೊಂಡಿದ್ದ ಆರೂ ಅಂಕಿ ಸರಿಯಾಗಿ ಓದಿದರು. ಮೇಲ್ ತೆರೆಯಿತು, ಒಪ್ಪಿಗೆ ಹೋಯಿತು. ಹುಡುಗಿ ನನ್ನನ್ನು ತಬ್ಬಿಕೊಂಡಳು.

"ಅಷ್ಟೊತ್ತು ಯಾರ್ ಜೊತೆ ಮಾತಾಡ್ತಿದ್ದೆ ತಾತಾ?"

"ಆಯಮ್ಮನ್ಗೇ ತಿರುಗಿ ಮಾಡ್ತಿದ್ದೆ ಕಣವ್ವ, ಓಯ್ತಾನೇ ಇಲ್ಲ. ಪಾಪ, ತನ್ ನಂಬರ್ನಲ್ಲಿ ಇನ್ನೂ ನಾಕು ಏಳೋದೇ ಮರ್ತವ್ಳೆ!"