ಮೂರು ರಾಜ, ಒಂದು ಬೀರು

ಎಲ್ಲದಕ್ಕೂ ಮೂಲ ಮಾವನವರ ಕಬ್ಬಿಣದ ಬೀರು. "ನಾಳೆ ಭಾನುವಾರ ಅದನ್ನ ಮೂರನೇ ಮಹಡಿಗೆ ಹತ್ತಿಸ್ಬೇಕಂತೆ. ಅಪ್ಪ ನಿಮ್ಮನ್ನೇ ನಂಬಿದಾರೆ," ಎಂದು ಹೆಂಡತಿ ಹೇಳಿದ್ದೇ ತಡ, ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಅವಳ ಗಂಡನಿಗೆ ನಿಂತಲ್ಲೇ ಸೊಂಟ ಹಿಡಿದುಕೊಂಡಿತು. ಪೂರ್ತಿ ಕೇಳಲೂ ನಿಲ್ಲದೆ ಚಪ್ಪಲಿ ಮೆಟ್ಟಿ ಹೊರಟ. ತಪ್ಪಿಸಿಕೊಳ್ಳಲು ದಾರಿ ಒಂದೇ: ಭಾನುವಾರದ ಡ್ಯೂಟಿ.

ಯಾರಿಗೂ ಬೇಡದ ಆ ಡ್ಯೂಟಿಯನ್ನು ಶನಿವಾರ ಊಟದ ಬಿಡುವಿನಲ್ಲಿ ಇಸ್ಪೀಟಿನ ಪೋಕರ್ ಆಡಿ ಹಂಚುವುದು ವಾಡಿಕೆ. ಬೆಂಕಿಕಡ್ಡಿಗಳೇ ಪಣ. ಇದ್ದಬದ್ದ ಕಡ್ಡಿಯನ್ನೆಲ್ಲ ಮುಂದೆ ತಳ್ಳಿ ಸೋತವರ ತಲೆಗೆ ಡ್ಯೂಟಿ. ತಳ್ಳಿದ ಕಡ್ಡಿ ವಾಪಸಿಲ್ಲ.

ಅವನಿಗೋ ಸೋಲೇ ಬೇಕು. ಆದರೆ ಮುಖ ನೋಡಿಯೇ ಎದುರಿನವರ ಕೈಯ ಎಲೆ ಹೇಳುತ್ತಾನೆಂದು ಅವನಿಗೆ ಹೆಸರು. ನಾಲ್ಕು ಕಡ್ಡಿ ತಳ್ಳಿದರೆ ಸಾಕು, ಉಳಿದವರು ಎಲೆ ಕೆಳಗಿಟ್ಟುಬಿಡುತ್ತಿದ್ದರು.

"ಅಬ್ಬಬ್ಬಾ, ಎಕ್ಸ್‌ರೇ ಭಾವ ನುಗ್ತಿದಾರೆ! ನಾನೊಲ್ಲೆಪ್ಪ," ಎಂದರು ದೊಡ್ಡ ಸಿಸ್ಟರ್. ಬೇಡವೆಂದರೂ ಕಡ್ಡಿಗಳು ಅವನ ಮುಂದೆ ಬಣವೆಯಂತೆ ಬೆಳೆದವು.

ಅದರ ಮೇಲೆ ಕೈಗೆ ಬಂದದ್ದು ಮೂರು ರಾಜ! ಅವನಿಗೆ ಅಳುವೇ ಬಂತು. ಇದಕ್ಕಿಂತ ದೊಡ್ಡದು ಯಾರ ಬಳಿಯಿದೆ? ಸಿಸ್ಟರ್ ಬಳೆ ತಿರುಗಿಸುತ್ತಿದ್ದರು. ಅಂದರೆ ಬರೀ ಬುರುಡೆ. ಔಷಧಿ ಕೊಡುವ ಮಾತ್ರೆಯಣ್ಣನ ಕಾಲು ಮಾತ್ರ ಮೇಜಿನಡಿ ಹೊಲಿಗೆ ಯಂತ್ರ ತುಳಿದಂತೆ ಕುಣಿಯುತ್ತಿತ್ತು. ಭರ್ಜರಿ ಎಲೆಯಿಲ್ಲದೆ ಕಾಲು ಹಾಗೆ ಕುಣಿದೀತೇ? ಅವನು ಬಣವೆಯನ್ನೇ ತಳ್ಳಿದ.

"ಮೂರು ಎಕ್ಕ!" ಮಾತ್ರೆಯಣ್ಣ ಎಲೆ ಬಡಿದ. "ಉಸ್ಸಪ್ಪಾ, ಬದುಕ್ಕೊಂಡೆ!"

ಇವನೂ ಒಳಗೊಳಗೇ ಅದನ್ನೇ ಅಂದುಕೊಂಡ. ಎದೆಯ ಮೇಲಿಂದ ಬೀರುವೇ ಇಳಿದಂತಾಯಿತು. ಹರಳೆಣ್ಣೆ ಕುಡಿದ ದನಿಯಲ್ಲಿ ಮನೆಗೆ ಫೋನ್ ಮಾಡಿದ.

"ನಾಳೆ ಡ್ಯೂಟಿ ಬಿತ್ತು ಕಣೇ. ಮಾವನವರಿಗೆ ಹೇಗೆ ಮುಖ ತೋರಿಸ್ಲಿ?"

"ಅಯ್ಯೋ, ಒಳ್ಳೇದೇ ಆಯ್ತಲ್ರೀ! ಬೀರು ಬರ್ತಿರೋದು ನಿಮ್ಮಾಸ್ಪತ್ರೆಗೇ. ಔಷಧಿ ಇಡೋಕೆ ಅಂತ ಅಪ್ಪ ದಾನ ಕೊಟ್ಟಿದಾರೆ. ಬೆಳಿಗ್ಗೆ ಹೇಳೋಷ್ಟರಲ್ಲಿ ಓಡಿಬಿಟ್ರಿ!"

ಫೋನ್ ತಾನಾಗಿಯೇ ಕೆಳಗಿಳಿಯಿತು. "ಮಾತ್ರೆಯಣ್ಣ... ಲಿಫ್ಟು?"

"ಕೆಟ್ಟು ಕೂತಿದೆಯಲ್ಲ! ನಾಳೆ ಬರೋ ಬೀರೂನ ಡ್ಯೂಟಿಲಿರೋರೇ ಹೊರ್ಬೇಕು ಅಂತ ಡಾಕ್ಟ್ರು ನಂಗೊಬ್ಬನಿಗೇ ಹೇಳಿದ್ರು. ಆ ಭಯಕ್ಕೆ ಬೆಳಿಗ್ಗೆಯಿಂದ ಈ ಕಾಲು ನಡುಗ್ತಾನೇ ಇತ್ತು ಭಾವ. ಈಗ ನೋಡು, ಹೇಗೆ ತಣ್ಣಗಿದೆ!"

ನಿಜ, ಮಾತ್ರೆಯಣ್ಣನ ಕಾಲು ಕಲ್ಲಿನಂತೆ ನಿಂತಿತ್ತು. ಮೇಜಿನಡಿ ಈಗ ಹೊಲಿಗೆ ಯಂತ್ರ ತುಳಿಯುತ್ತಿದ್ದದ್ದು ಎಕ್ಸ್‌ರೇ ಭಾವನ ಕಾಲು.